ಕನಸಲ್ಲಿ ನೀರು ಕೊಟ್ಟವಳು

ಶುಕ್ರವಾರ ರಾತ್ರಿ ಮುಷ್ಟಿ ಉಪ್ಪು ಹಾಕಿದ ರಾಗಿ ರೊಟ್ಟಿ ತಿಂದು, ಒಂದು ಗುಟುಕು ನೀರೂ ಕುಡಿಯದೆ ಮಲಗಿದೆ. ಹುಚ್ಚಾ ಅಂತ ಕೇಳಬೇಡಿ. (ನಮ್ಮೂರು ಗಂಜಾಂನವರು ಈಗಾಗಲೇ ಕೇಳಿ ಮುಗಿಸಿದ್ದಾರೆ.)

ಐಡಿಯಾ ನನ್ನದಲ್ಲ, ಚಿಕ್ಕಪ್ಪನ ಮಗಳು ರಶ್ಮಿಯದು. ಆರ್ಮೇನಿಯಾದಲ್ಲಿ ಡಾಕ್ಟರ್ ಓದುತ್ತಿದ್ದಾಳೆ. ಅಲ್ಲಿ ಚಳಿಗಾಲದಲ್ಲಿ ಸಂತ ಸರ್ಕಿಸರ ಹಬ್ಬ. ಹಿಂದಿನ ರಾತ್ರಿ ಮದುವೆಯಾಗದವರೆಲ್ಲ ಉಪ್ಪುಪ್ಪು ರೊಟ್ಟಿ ತಿಂದು, ನೀರು ಮುಟ್ಟದೆ ಮಲಗಬೇಕು. ಕನಸಲ್ಲಿ ಯಾರು ನೀರು ಕೊಡುತ್ತಾರೋ ಅವರ ಜೊತೆಗೇ ಮದುವೆ!

"ಅಣ್ಣ, ನಾನಿಲ್ಲಿ ತಿಂತೀನಿ, ನೀನಲ್ಲಿ ತಿನ್ಬುಡು. ಭಾನುವಾರ ಪಾಂಡವಪುರಕ್ಕೆ ಉತ್ತರ ಹೇಳ್ಬೇಕಲ್ಲ?" ಅಂದಳು ವಿಡಿಯೋ ಕಾಲಿನಲ್ಲಿ. ಅವಳ ಕಿಟಕಿಯಾಚೆ ಹಿಮ ಬೀಳುತ್ತಿತ್ತು.

ಹೇಳಬೇಕಿತ್ತು, ನಿಜ. ಹದಿನೈದು ದಿನದ ಹಿಂದೆ ಪಾಂಡವಪುರದಲ್ಲಿ ಸಹನಾಳನ್ನು ನೋಡಿ ಬಂದಿದ್ದೆ. ಅವರ ಕಡೆ ಒಪ್ಪಿಗೆ. ಮೀನಮೇಷ ಎಣಿಸುತ್ತಿದ್ದವನು ನಾನೇ. ಅವತ್ತು ಕಾಫಿ ಮುಗಿದದ್ದೇ ನನ್ನ ಮಿಮಿಕ್ರಿ ಶುರು. ಬಸ್ ಕಂಡಕ್ಟರು, ಕೆ.ಆರ್. ಪೇಟೆ ಮಾವ, ಕೊಳವೆ ಊದಿ ಬಂಗಾರ ಕಾಯಿಸುತ್ತಲೇ ಗಿರಾಕಿಗೆ ಉತ್ತರ ಕೊಡುವ ಅಕ್ಕಸಾಲಿ ನಮ್ಮಪ್ಪ. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಸಹನಾ ಮಾತ್ರ ನಗಲಿಲ್ಲ. ಸುಮ್ಮನೆ ನೋಡುತ್ತಿದ್ದಳು.

ನಗದವಳ ಜೊತೆ ನನ್ನಂಥವನು ಬಾಳುವುದು ಹೇಗೆ ಸ್ವಾಮಿ?

ರೊಟ್ಟಿ ತಟ್ಟಿದ್ದು ಅಜ್ಜಿ, ಬೈದುಕೊಂಡೇ. "ಉಪ್ಪು ತಿಂದೋನು ನೀರು ಕುಡೀಲೇಬೇಕು ಕಣ್ಲಾ. ಬ್ಯಾಡ ಅಂತ ಏಳ್ದೋನು ಯಾವನು?"

"ಸಂತರು ಕಣಜ್ಜಿ. ಬಿಳೀ ಕುದುರೆ ಮೇಲೆ ಬರ್ತಾರಂತೆ."

"ಕುದ್ರೆ ಮ್ಯಾಲೆ ಬರೋವ್ರಿಗೆ ಒಂದು ಬಿಂದ್ಗೆ ನೀರು ತರಕ್ಕಾಗಕಿಲ್ವಾ?"

ನಿದ್ದೆ ಯಾವಾಗ ಹತ್ತಿತೋ. ಕನಸಲ್ಲಿ ನಮ್ಮ ಕಾವೇರಿಯ ಮೇಲೆ ರಶ್ಮಿಯ ಊರಿನ ಹಿಮ ಬೀಳುತ್ತಿತ್ತು. ಸದ್ದೇ ಇಲ್ಲ. ಬಿದ್ದ ಹಿಮ ನೀರಾಗಿ ಹರಿಯುತ್ತಿತ್ತು. ನಾನು ಸ್ನಾನಘಟ್ಟದ ಮೆಟ್ಟಿಲ ಮೇಲಿದ್ದೆ. ಹೊಳೆ ಎರಡೇ ಮಾರು ದೂರ, ಆದರೂ ಕೈಗೆ ಸಿಗದು. ಒಬ್ಬಳು ಚೊಂಬು ಹಿಡಿದು ಬಂದಳು. ಮುಖ ಹಿಮದಲ್ಲಿ ಮಸುಕು. ನಾನು ಬಿಟ್ಟೇನೇ? ಕಂಡಕ್ಟರಾದೆ, ಮಾವನಾದೆ, ಅಪ್ಪನಾದೆ. ಅವಳು ನಗಲಿಲ್ಲ, ಹೋಗಲೂ ಇಲ್ಲ. ದನಿಗಳೆಲ್ಲ ಒಂದೊಂದಾಗಿ ಖಾಲಿಯಾದವು. ಕೊನೆಗೆ ಉಳಿದದ್ದು ಒಣಗಿದ ಗಂಟಲು.

"ಮುಗೀತಾ?" ಅಂದಳು ಮೆಲ್ಲಗೆ. ಚೊಂಬು ಚಾಚಿದಳು.

ಅಷ್ಟು ತಣ್ಣನೆಯ ನೀರು ನಾನು ಇವತ್ತಿನವರೆಗೆ ಕುಡಿದಿಲ್ಲ.

ಬೆಳಿಗ್ಗೆ ರಶ್ಮಿಯ ಫೋನು. "ನಂಗೆ ಹಾಸ್ಟೆಲಿಗೆ ವಾಟರ್ ಕ್ಯಾನ್ ಹಾಕೋನು ಬಂದಿದ್ದ ಕಣಣ್ಣ. ಕನಸಲ್ಲೂ ಲೇಟು!"

ಅಜ್ಜಿ ಬಚ್ಚಲ ಬಾಗಿಲಿಗೇ ಬಂದು ನಿಂತಿತ್ತು. "ಯಾರ್ಲಾ ಕೊಟ್ಟಿದ್ದು?"

"ಮುಖ ಕಾಣ್ಲಿಲ್ಲ ಅಜ್ಜಿ."

"ನಿನ್ನ ಕೋತಿ ಆಟ ನೋಡಿ ನಕ್ಕಳಾ?"

"ಇಲ್ಲ. ಮುಗಿಯೋವರ್ಗೂ ನಿಂತಿದ್ಲು."

"ಅಂಗಾರೆ ಪಾಂಡವಪುರದೋಳೇ ಬುಡು. ಇನ್ಯಾರು ನಿಂತ್ಕತಾರೆ ಅಷ್ಟೊತ್ತು?"

ಭಾನುವಾರ ಫೋನ್ ಮಾಡಿದೆ. ಎತ್ತಿದ್ದು ಸಹನಾಳೇ. "ಹೇಳಿ" ಅಂದಳು. ಕಾಯುತ್ತಿದ್ದಳು. ಒಪ್ಪಿಗೆ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಇಷ್ಟು ವರ್ಷ ಊರವರ ದನಿಯಲ್ಲೇ ಮಾತಾಡಿದವನು ನಾನು.

ನನ್ನ ಸ್ವಂತ ದನಿ ಹೇಗಿತ್ತು, ನಿಮಗೇನಾದರೂ ನೆನಪಿದೆಯಾ ಸ್ವಾಮಿ?