ಗಂಜಿಗೆ ಬಿಲ್ಲು ಮಾಡಿಸಿದ ದೇವಿರಮ್ಮ

ಹೊಳಲಿನಲ್ಲಿ ಹುಟ್ಟಿ ತೋಪಿನಕೊಪ್ಪಲಿಗೆ ಸೊಸೆಯಾಗಿ ಬಂದ ದೇವಿರಮ್ಮನಿಗೆ ಓದಲು ಬರುತ್ತಿರಲಿಲ್ಲ, ಹೆದರಲೂ ಬರುತ್ತಿರಲಿಲ್ಲ. ಗಂಡ ಹೊನ್ನಯ್ಯನಿಗೆ ಹೊಟ್ಟೆನೋವು ಕಾಣಿಸಿಕೊಂಡಾಗ ಸುತ್ತಮುತ್ತ ಎಲ್ಲೂ ಆಸ್ಪತ್ರೆ ಇರಲಿಲ್ಲ. ಗಾಡಿ ಕಟ್ಟಿ ಮಂಡ್ಯಕ್ಕೆ ಹೊರಟರೆ, ಹನಕೆರೆ ದಾಟುವುದರೊಳಗೆ ಅವನು ಅವಳ ತೊಡೆಯ ಮೇಲೆಯೇ ಪ್ರಾಣ ಬಿಟ್ಟ. ಮರುವರ್ಷ ಊರಿಗೆ ನಾಲ್ಕು ಮಂಚದ ಆಸ್ಪತ್ರೆ ಬಂತು. ಒಳರೋಗಿಗಳಿಗೆ ಅಡುಗೆ ಮಾಡಲು ತಿಂಗಳಿಗೆ ಐದು ರೂಪಾಯಿಗೆ ಆಳು ಬೇಕೆಂದಾಗ ಮೊದಲು ಬಂದು ನಿಂತವಳು ಅವಳೇ. ಇನ್ನೊಬ್ಬಳ ಗಂಡ ಗಾಡಿಯಲ್ಲಿ ಸಾಯಬಾರದು ಎಂಬುದಷ್ಟೇ ಅವಳ ಹಟ.

1932ರ ಮುಂಗಾರಿನ ಹೊತ್ತಿಗೆ ದವಸದ ಬೆಲೆ ನೆಲ ಕಚ್ಚಿತು. ಆಸ್ಪತ್ರೆ ನಡೆಸುತ್ತಿದ್ದ ಬೋರ್ಡಿನವರು ಖರ್ಚು ಇಳಿಸಲು ಸಭೆ ಕೂತರು. ಕೂತವರ ಭತ್ಯೆಗೆ ಕತ್ತರಿ ಬೀಳಲಿಲ್ಲ. ಬಿದ್ದದ್ದು ರೋಗಿಗಳ ಗಂಜಿಗೆ. ತಲೆಗೆ ದಿನಕ್ಕೆ ಕೊಡುತ್ತಿದ್ದ ಎರಡಾಣೆ ರದ್ದು, ಅಡುಗೆಯವಳು ರದ್ದು, ಅಡುಗೆಮನೆಗೆ ಬೀಗ. ರೋಗಿಯ ಊಟ ರೋಗಿಯ ಮನೆಯವರದೇ ಎಂದು ಹುಕುಂ ಬಂತು. ಐದು ಮೈಲಿಯಿಂದ ಹೊತ್ತು ಹೊತ್ತಿಗೆ ಬುತ್ತಿ ತರುವವರು ಯಾರು? ಎರಡು ವಾರದಲ್ಲಿ ಮೂರು ಮಂಚ ಬರಿದಾದವು.

ದೇವಿರಮ್ಮನಿಗೆ ರೇಗಿಹೋಯಿತು. ಆಸ್ಪತ್ರೆಯ ಬೇಲಿಯಾಚೆ ರಸ್ತೆ ಬದಿಯ ಹೊಂಗೆಮರದ ಕೆಳಗೆ ಮೂರು ಕಲ್ಲು ಹೂಡಿ, ಮನೆಯ ರಾಗಿ ತಂದು ಗಂಜಿ ಕಾಯಿಸಿದಳು. ಡಾಕ್ಟರ್ ಯೋಗಾನರಸಿಂಹ ಮೆತ್ತನೆಯ ಮನುಷ್ಯರು. “ಬೋರ್ಡಿನವರು ಏನಂತಾರೋ ದೇವಿರಮ್ಮ” ಎಂದು ಕೈ ಹೊಸಕಿಕೊಂಡರು.

“ರಸ್ತೆ ಸರ್ಕಾರದ್ದು, ಕಲ್ಲು ನಂದು, ರಾಗಿ ನಂದು. ಬೋರ್ಡ್‌ನೋರ್ದು ಏನೈತೆ ಇಲ್ಲಿ?”

ಆ ಸೀಮೆಗೆ ಹೊಸದಾಗಿ ಹರಿದ ನಾಲೆಯ ನೀರಿನ ಹಿಂದೆಯೇ ಚಳಿಜ್ವರವೂ ಬಂದಿತ್ತು. ಗಂಜಿ ಸಿಗುತ್ತದೆಂದು ಗೊತ್ತಾದ ಮೇಲೆ ರೋಗಿಗಳು ಮತ್ತೆ ಬಂದರು. ಏಳು ತಿಂಗಳಲ್ಲಿ ಅರವತ್ತೊಂದು ಜನ ಅವಳ ಕೈಯಲ್ಲಿ ಉಂಡರು.

ಸಂಕ್ರಾಂತಿ ಕಳೆದ ಮಾರನೆಯ ದಿನ ಬೋರ್ಡಿನ ತನಿಖೆ ಅಧಿಕಾರಿ ರಾಮಾನುಜ, ರೋಗಿಗಳಿಲ್ಲವೆಂದು ಆಸ್ಪತ್ರೆ ಮುಚ್ಚಿಸಿ ಮಂಚಗಳನ್ನು ಸಾಗಿಸಲು ಗಾಡಿಯನ್ನೇ ತಂದರು.

“ಏಳು ತಿಂಗಳಿಂದ ಊಟದ ಖರ್ಚು ಸೊನ್ನೆ. ನೀವು ಮಾತ್ರ ಅರವತ್ತೊಂದು ಒಳರೋಗಿಗಳು ಅಂತ ಬರೆದಿದ್ದೀರಿ. ಅವರೇನು ಗಾಳಿ ಕುಡಿದು ಮಲಗಿದ್ದರೇ? ಇವತ್ತಿನ ನಾಲ್ವರನ್ನೂ ನಾನು ಬರ್ತೀನಿ ಅಂತ ಗೊತ್ತಾಗಿ ಕರೆದು ಮಲಗಿಸಿರಬೇಕು” ಎಂದರು. ಡಾಕ್ಟರು ರೋಗಿಗಳ ಪುಸ್ತಕವನ್ನೇ ಮತ್ತೆ ಮುಂದೆ ಸರಿಸಿದರು.

“ನಾನಿಕ್ಕಿವ್ನಿ ಸ್ವಾಮಿ. ನಮ್ಮನೆ ರಾಗಿ” ಎಂದಳು ದೇವಿರಮ್ಮ.

“ಪುಣ್ಯ ಕಟ್ಟಿಕೊಂಡಿರಿ, ತಾಯಿ. ಆದರೆ ಪುಣ್ಯ ಬರೆಯೋದಕ್ಕೆ ನಮ್ಮ ಪುಸ್ತಕದಲ್ಲಿ ಜಾಗ ಇಲ್ಲ. ಖರ್ಚಿಲ್ಲ ಅಂದರೆ ರೋಗಿಯೂ ಇಲ್ಲ.”

ದೇವಿರಮ್ಮನಿಗೆ ಆಗ ಹೊಳೆಯಿತು. ತಾನು ಬಿಟ್ಟಿ ಇಕ್ಕಿದ್ದಕ್ಕೇ ಅಷ್ಟು ಜನ ಪುಸ್ತಕದಿಂದ ಅಳಿಸಿಹೋಗಿದ್ದರು. ಇಕ್ಕಿದ ಅನ್ನಕ್ಕೆ ಕಾಸು ಕೇಳುವುದು ಅವರ ಮನೆತನದಲ್ಲಿ ಇಲ್ಲ. ಕೇಳಿದರೆ ‘ಅನ್ನ ಮಾರಿದವಳು’ ಎಂಬ ಹೆಸರು ಸತ್ತ ಮೇಲೂ ಬಿಡುವುದಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

“ಪುಣ್ಯ ನಂಗ್ಬ್ಯಾಡ ಸ್ವಾಮಿ, ನೀವೇ ಮಡಿಕ್ಕಳಿ. ಡಾಕ್ಟ್ರೇ, ಬರ್ಕಳಿ. ಬೋರ್ಡ್‌ನೋರು ನಂಗೆ ದುಡ್ಡು ಕೊಡ್ಬೇಕು.”

ಯಾರು, ಯಾವ ಊರು, ಎಷ್ಟು ದಿನ ಉಂಡರು, ಎಲ್ಲ ಬಾಯಲ್ಲೇ ಹೇಳಿದಳು. ಡಾಕ್ಟರು ತಮ್ಮ ರೋಗಿಗಳ ಪುಸ್ತಕದೊಡನೆ ತಾಳೆ ನೋಡಿದರು. ಒಂದು ದಿನವೂ ತಪ್ಪಲಿಲ್ಲ. ತಲೆಗೆ ಎರಡಾಣೆ, ಅವಳ ಸಂಬಳ, ಎಲ್ಲ ಸೇರಿ ಎಂಬತ್ತು ರೂಪಾಯಿ ಹನ್ನೆರಡಾಣೆ. ಆ ಬಿಲ್ಲಿಗೆ ಅವಳು ಹೆಬ್ಬೆಟ್ಟು ಒತ್ತಿದಳು. ಬಾಕಿಯ ತಕರಾರು ತೀರುವ ತನಕ ಆಸ್ಪತ್ರೆಯ ಸಾಮಾನು ಕದಲಿಸಬಾರದೆಂಬುದು ಬೋರ್ಡಿನದೇ ನಿಯಮ. ತಾವೇ ಹೆಣೆದ ಬಲೆಯಲ್ಲಿ ತಾವೇ ಬಿದ್ದ ರಾಮಾನುಜ ಬರಿ ಗಾಡಿ ಹೊಡೆಸಿಕೊಂಡು ಹೋದರು.

ಊರಿಗೆ ಬಾಯಿ ಬಂತು. “ರೋಗದೋರ ಬಾಯ್ಗಿಕ್ಕಿ ಕಾಸು ಕೇಳೋಳ ಮನೇಲಿ ನೀರೂ ಕುಡ್ಯಾಕಿಲ್ಲ” ಎಂದಳು ಓರಗಿತ್ತಿ ಯಶೋದಮ್ಮ. ದೇವಿರಮ್ಮ ಅವತ್ತು ಕದ ಮುಚ್ಚಿಕೊಂಡು ಅತ್ತಳು. ಬೆಳಗಾದರೆ ಎಂದಿನಂತೆ ಮೂರು ಕಲ್ಲಿಗೆ ಬೆಂಕಿ ಹಾಕಿದಳು.

ಮೂರು ತಿಂಗಳ ಮೇಲೆ ರಾಮಾನುಜ ಹಣ ಹಿಡಿದೇ ಬಂದರು. ಹಿಂದೆ ಅದೇ ಗಾಡಿ.

“ಪೂರ್ತಿ ಇದೆ, ಎಣಿಸಿಕೊಳ್ಳಿ. ರಸೀದಿಗೆ ಹೆಬ್ಬೆಟ್ಟು ಒತ್ತಿ. ತಕರಾರು ತೀರಿತು, ಮಂಚ ಹೊರಡಲಿ.”

ಅವಳು ಎಣಿಸಿಕೊಂಡಳು. ಹೆಬ್ಬೆಟ್ಟು ಒತ್ತಿದಳು. ಹಣವನ್ನು ಸೆರಗಿನ ತುದಿಗೆ ಗಂಟು ಹಾಕಿದಳು. ಅರವತ್ತೊಂದು ಜನ ಉಂಡದ್ದನ್ನು ಬೋರ್ಡು ಒಪ್ಪಿದಂತಾಯಿತು. ಗಾಡಿಯವನು ಮಂಚಕ್ಕೆ ಕೈ ಹಾಕಲು ಒಳಗೆ ನಡೆದ.

“ತಡಿಯಪ್ಪ” ಎಂದಳು ದೇವಿರಮ್ಮ. “ಸ್ವಾಮಿ, ಇದು ಸಂಕ್ರಾಂತಿಗಂಟ ಉಂಡೋರ್ದು. ಅಲ್ಲಿಂದೀಚ್ಗೆ ಇಪ್ಪತ್ತೆಂಟು ಜನ ಉಂಡವ್ರೆ. ಒಲೆ ನಾನೇನು ಆರ್ಸಿಲ್ಲ, ಆರ್ಸೋದೂ ಇಲ್ಲ. ಡಾಕ್ಟ್ರೇ, ಬರ್ಕಳಿ.”

ಯೋಗಾನರಸಿಂಹ ಆಗಲೇ ಹಾಳೆ ತೆಗೆದು ಕೂತಿದ್ದರು.