ಪೈಲಟ್ ಭಾವಮೈದುನನ ಹಗಲುನಿದ್ದೆ

ನಿನ್ನೆ ನಮ್ಮ ಅಡುಗೆಮನೆಯಿಂದ ಮೈದಾಹಿಟ್ಟಿನ ಅಂಟು ಕುದಿಯುವ ವಾಸನೆ ಬಂತು. ಮೊಮ್ಮಗಳಿಗೆ ದೀಪಾವಳಿಯ ಆಕಾಶಬುಟ್ಟಿ ಅಂಗಡಿಯದು ಬೇಡವಂತೆ, ಅಜ್ಜಿಯೇ ಮಾಡಬೇಕಂತೆ. ನನ್ನ ಹೆಂಡತಿ ಮಹಾದೇವಿ ಬಣ್ಣದ ಕಾಗದ, ಬಿದಿರಿನ ಕಡ್ಡಿ ಹರವಿಕೊಂಡು ಕುಳಿತಿದ್ದಳು. ಆ ವಾಸನೆ ನಿಮಗೆ ಶಾಲೆಯ ದಿನಗಳನ್ನೋ ಗಾಳಿಪಟವನ್ನೋ ನೆನಪಿಸಬಹುದು. ನನಗೆ ಮಾತ್ರ ಹೊಟ್ಟೆಕಿಚ್ಚು ನೆನಪಾಗುತ್ತದೆ. ತಮಾಷೆಗೆ ಹೇಳುತ್ತಿಲ್ಲ. ಹದಿನೆಂಟು ವರ್ಷದ ಹಿಂದೆ ನಾಶಿಕ್‌ನಲ್ಲಿದ್ದಾಗ ಇದೇ ಅಂಟಿನಿಂದ ನನ್ನ ಮಲಗುವ ಕೋಣೆಯ ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿತ್ತು. ನನಗಾಗಿ ಅಲ್ಲ, ಅವಳ ತಮ್ಮ ಶ್ರೀಶೈಲನಿಗಾಗಿ.

ಶ್ರೀಶೈಲ ಪೈಲಟ್. ಕಲಬುರಗಿ ಕಡೆಯ ನಮ್ಮ ಬಳಗದಲ್ಲಿ ಮಾಸ್ತರರಿದ್ದಾರೆ, ಕಿರಾಣಿ ಅಂಗಡಿಯವರಿದ್ದಾರೆ, ನನ್ನಂಥ ಬ್ಯಾಂಕಿನವರಂತೂ ಸಂತೆಗಾಗುವಷ್ಟಿದ್ದಾರೆ. ವಿಮಾನ ಹಾರಿಸುವವನು ಇವನೊಬ್ಬನೇ. ಮುಂಬಯಿಯಿಂದ ಲಂಡನ್ನಿಗೆ ಒಂಬತ್ತು ಹತ್ತು ತಾಸು ಹಾರುತ್ತಿದ್ದ. ಮುಂಬಯಿಯಲ್ಲಿ ಅವನಿದ್ದ ಕಟ್ಟಡದಲ್ಲಿ ದುರಸ್ತಿ ನಡೆದು ದಿನವಿಡೀ ಸುತ್ತಿಗೆಯ ಸದ್ದು. ಹೀಗಾಗಿ ದೂರದ ಪ್ರಯಾಣವಿದ್ದಾಗಲೆಲ್ಲ ಎರಡು ದಿನ ಮೊದಲೇ ನಾಶಿಕ್‌ಗೆ ಬಂದು ಅಕ್ಕನ ಮನೆಯಲ್ಲಿ ನಿದ್ದೆ ಮಾಡುತ್ತಿದ್ದ. ಹೌದು, ನಿದ್ದೆ ಮಾಡಲು ಬರುತ್ತಿದ್ದ. ಬೇರೆಯವರ ಭಾವಮೈದುನರು ಉಣ್ಣಲು ಬರುತ್ತಾರೆ, ಮದುವೆ ಮಾತಿಗೆ ಬರುತ್ತಾರೆ.

ವಿಮಾನ ಹೊರಡುವುದು ನಡುರಾತ್ರಿ ದಾಟಿದ ಮೇಲೆ. ಬೆಳಗಿನವರೆಗೆ ಎಚ್ಚರವಿರಬೇಕೆಂದರೆ ಹಗಲಿನಲ್ಲಿ ಮಲಗುವುದನ್ನು ಮೈಗೆ ಎರಡು ದಿನ ಮೊದಲೇ ಕಲಿಸಬೇಕು ಎನ್ನುತ್ತಿದ್ದ. ಅದಕ್ಕೇ ಕಪ್ಪು ಕಾಗದ. ಕರೆಗಂಟೆಯ ತಂತಿ ಕಿತ್ತಿಡಲಾಗುತ್ತಿತ್ತು. ಮಿಕ್ಸರ್ ಬಂದ್, ಟೀವಿ ಬಂದ್, ಹಾಲಿನವನಿಗೆ ಗೇಟಿನಲ್ಲೇ ಕೈಸನ್ನೆ. ಆಗ ಏಳನೆಯ ತರಗತಿಯಲ್ಲಿದ್ದ ನಮ್ಮ ಮಗಳು ರೂಪಾ ಬಾಗಿಲಲ್ಲಿ ಕಾವಲು. ನಾನು ಚಪ್ಪಲಿ ಬಿಡುವ ಸದ್ದಿಗೂ ತುಟಿಯ ಮೇಲೆ ಬೆರಳಿಟ್ಟು, "ಪಪ್ಪಾ, ಆವಾಜ ನಕೋ! ಮಾಮಾ ಝೋಪ್ಲಾಯ್!" ಸದ್ದು ಬೇಡ, ಮಾಮಾ ಮಲಗಿದ್ದಾನೆ ಎಂದು ಮರಾಠಿಯಲ್ಲೇ ಗದರುತ್ತಿದ್ದಳು. ಬೈಯುವುದಕ್ಕೆ ಅವಳಿಗೆ ಕನ್ನಡ ಸಾಲುತ್ತಿರಲಿಲ್ಲ.

ಊಟದ್ದು ಇನ್ನೊಂದು ಶಾಸ್ತ್ರ. ಅವನಿದ್ದ ಎರಡು ದಿನ ಮನೆಯಲ್ಲಿ ಕಡಲೆಯಿಲ್ಲ, ಹೆಸರುಕಾಳಿಲ್ಲ, ಎಣ್ಣೆಗಾಯಿಯಿಲ್ಲ. "ಹೊಟ್ಟಿ ಉಬ್ಬತದಕ್ಕಾ, ಮ್ಯಾಲ ಹೋದ ಮ್ಯಾಲ ಇನ್ನಾ ಉಬ್ಬತದ," ಎನ್ನುತ್ತಿದ್ದ. ಕೆಳಗೇ ಇರುವ ನನ್ನ ಹೊಟ್ಟೆಗೂ ಅದೇ ಸಪ್ಪೆ ಬೇಳೆ. ವಿಮಾನದಲ್ಲಿ ಇಬ್ಬರು ಪೈಲಟ್‌ಗಳು ಒಂದೇ ಅಡುಗೆ ಉಣ್ಣುವುದಿಲ್ಲವಂತೆ, ಒಬ್ಬನ ಹೊಟ್ಟೆ ಕೆಟ್ಟರೆ ಇನ್ನೊಬ್ಬನಾದರೂ ನೆಟ್ಟಗಿರಲಿ ಎಂದು. ಆ ನಿಯಮವನ್ನು ನಮ್ಮ ಮನೆಗೂ ತರಬಾರದೇ ಎಂದು ಒಮ್ಮೆ ಕೇಳಿದೆ. ಯಾರೂ ನಗಲಿಲ್ಲ.

ಮೂರನೆಯದು ಕುರ್ಚಿ. ಸಂಜೆ ಎದ್ದವನು ಊಟದ ಮೇಜಿನ ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಕೈಗಳು ಗಾಳಿಯಲ್ಲಿ ಮೇಲೆ, ಕೆಳಗೆ, ಬಲಕ್ಕೆ ಓಡಾಡುತ್ತಿದ್ದವು, ತುಟಿ ಏನೋ ಗುಣುಗುಣಿಸುತ್ತಿತ್ತು. ಮೊದಲ ಸಲ ನೋಡಿದಾಗ ಮೈಮೇಲೆ ಏನೋ ಬಂದಿದೆ ಎಂದೇ ಹೆದರಿದ್ದೆ. ಅವನು ಎಂಜಿನ್ ಚಾಲೂ ಮಾಡುತ್ತಿದ್ದನಂತೆ. ಯಾವ ಗುಂಡಿ ಎಲ್ಲಿ, ಯಾವುದಾದ ಮೇಲೆ ಯಾವುದು, ಎಂಜಿನ್ ಒಂದು ನಿಂತರೆ ಕೈ ಎಲ್ಲಿಗೆ ಹೋಗಬೇಕು, ಎಲ್ಲ ಆ ಕುರ್ಚಿಯಲ್ಲೇ ತಾಲೀಮು. ಆಮೇಲೆ ಚೀಲ ತೆಗೆದು ಪಾಸ್‌ಪೋರ್ಟು, ಲೈಸೆನ್ಸು, ವೈದ್ಯರ ಸರ್ಟಿಫಿಕೇಟು, ಟಾರ್ಚು, ಮುಂಜಾಗ್ರತೆಗೆ ಎರಡನೆಯ ಕನ್ನಡಕ, ಒಂದೊಂದನ್ನೂ ಬೆರಳಿನಿಂದ ಮುಟ್ಟಿ ನೋಡುತ್ತಿದ್ದ. ಮಹಾದೇವಿ ಪಕ್ಕದಲ್ಲಿ ನಿಂತು ಗುಡಿಯಲ್ಲಿ ಆರತಿ ನೋಡುವವಳ ಹಾಗೆ ನೋಡುತ್ತಿದ್ದಳು.

ನಾನೂ ದೂರದ ಪ್ರಯಾಣ ಮಾಡುತ್ತಿದ್ದೆ, ಮರೆಯಬೇಡಿ. ಬ್ಯಾಂಕು ನನ್ನನ್ನು ಔರಂಗಾಬಾದಿಗೆ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರಕ್ಕೆ ವರ್ಗ ಮಾಡಿ ಶಾಖೆಗಳ ತಪಾಸಣೆಗೆ ಹಾಕಿತ್ತು. ಮಗಳ ಶಾಲೆಗಾಗಿ ಸಂಸಾರ ನಾಶಿಕ್‌ನಲ್ಲೇ ಉಳಿಯಿತು. ಸೋಮವಾರ ಮುಂಜಾನೆ ಎಸ್.ಟಿ. ಬಸ್ಸು, ಹಿಂದಿನ ಗಾಲಿಯ ಮೇಲಿನ ಸೀಟು, ಐದು ತಾಸು ಕುಲುಕಾಟ. ಅಲ್ಲಿಂದ ಗಂಗಾಪುರ, ಇಲ್ಲವೆ ಪೈಠಣ. ನನ್ನ ಚೀಲ ನಾನೇ ತುಂಬಿಕೊಳ್ಳುತ್ತಿದ್ದೆ. ಹೊರಡುವಾಗ ಮಹಾದೇವಿ ನಿದ್ದೆಗಣ್ಣಿನಲ್ಲಿ, "ಪೈಠಣಕ್ಕ ಹೊಂಟೀರಿ, ಒಂದ್ ಪೈಠಣಿ ಸೀರಿ ನೋಡ್ಕೊಂಡ್ ಬರ್ರಿ," ಎನ್ನುತ್ತಿದ್ದಳು. ನಾನು ನೋಡಿಕೊಂಡೇ ಬರುತ್ತಿದ್ದೆ. ನಿದ್ದೆ ಆಯಿತೇ ಎಂದು ಅವಳು ಕೇಳಿದ ನೆನಪಿಲ್ಲ. ಒಮ್ಮೆ ತಡೆಯಲಾರದೆ, "ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರ. ನಿನ್ನ ತಮ್ಮಗ ಕರೀ ಕಾಗದ ಯಾಕ ಬೇಕು?" ಎಂದೆ.

"ಅಂವಗ ಚಿಂತಿ ಅದ, ಅದಕ್ಕ," ಎಂದಳು. "ನೀವು ನಿದ್ದಿಗಣ್ಣಾಗ ತಪ್ಪು ಮಾಡಿದ್ರ ಒಂದ್ ಕಾಗದ ಕೆಡತದ. ಅಂವ ಮಾಡಿದ್ರ?"

ಮಾತು ನಿಜ. ನಿಜವಾದ ಮಾತಿಗೇ ಅಲ್ಲವೇ ಹೊಟ್ಟೆ ಹೆಚ್ಚು ಉರಿಯುವುದು? ಅವನ ವಿಮಾನ, ಅವನ ಲಂಡನ್ನು ನನಗೆ ಬೇಕಿರಲಿಲ್ಲ. ನನ್ನ ನಿದ್ದೆಗಾಗಿಯೂ ನಾಲ್ಕು ಜನ ತುದಿಗಾಲಿನಲ್ಲಿ ನಡೆಯಬೇಕು, ಅಷ್ಟೇ ಆಸೆಯಾಗಿತ್ತು.

ಹೀಗಿರುವಾಗ ಒಂದು ಶನಿವಾರ ಏನೋ ಹಬ್ಬದ ರಜೆ. ಹಿಂದಿನ ದಿನ ಪೈಠಣದ ಕೆಲಸ ಮುಗಿಸಿ ನಸುಕಿನ ಬಸ್ಸು ಹಿಡಿದು ಹನ್ನೊಂದಕ್ಕೆ ಮನೆಗೆ ಬಂದೆ. ಅಂದು ರಾತ್ರಿ ಶ್ರೀಶೈಲನಿಗೆ ಎಂದಿನ ಪ್ರಯಾಣವಲ್ಲ. ಹಿರಿಯ ಪರೀಕ್ಷಕರೊಬ್ಬರು ಹಿಂದೆ ಕುಳಿತು ಅವನ ಕೆಲಸ ನೋಡುವವರಿದ್ದರು. ಅವರು ಹೂಂ ಎಂದರೆ ಅಲ್ಲಿವರೆಗೆ ಸಹಪೈಲಟ್ ಆಗಿದ್ದವನು ಕ್ಯಾಪ್ಟನ್. ತಿಂಗಳುಗಟ್ಟಲೆ ಕಾದು ಸಿಕ್ಕ ದಿನ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಮೂರರವರೆಗೆ ಮಲಗಿ, ನಾಲ್ಕಕ್ಕೆ ಬರುವ ಬಾಡಿಗೆ ಕಾರಿನಲ್ಲಿ ಇಗತಪುರಿ ಘಾಟು ಇಳಿದು ಮುಂಬಯಿ ಸೇರುವವನಿದ್ದ.

ರೂಪಾ ಬೆರಳು ತುಟಿಗಿಟ್ಟು ಬಾಗಿಲು ತೆರೆದಳು. ಸ್ನಾನ ಬೇಡ, ನಲ್ಲಿ ಸದ್ದು ಮಾಡುತ್ತದೆ. ಫ್ಯಾನೂ ಬೇಡ, ಕಿರುಗುಡುತ್ತದೆ. ನನ್ನ ಹಾಸಿಗೆಯಲ್ಲಿ ಅವನಿದ್ದ. ಮಹಾದೇವಿ ಪಿಸುಮಾತಿನಲ್ಲಿ, "ಡಬ್ಬ್ಯಾಗ ನಿನ್ನಿ ಚಪಾತಿ ಅವ, ತಿನ್ರಿ. ಅನ್ನಾ ಬ್ಯಾಳಿ ತೊಳದು ಕುಕ್ಕರ್‌ನಾಗ ಇಟ್ಟೀನಿ, ಅಂವ ಎದ್ದ ಮ್ಯಾಲ ಹಚ್ಚತೀನಿ," ಎಂದು ಹೇಳಿ, ಮಗಳನ್ನು ಕರೆದುಕೊಂಡು ತರಕಾರಿ ತರಲು ಹೋದಳು. ನಾನು ಐದು ತಾಸಿನ ಧೂಳಿನಲ್ಲೇ ದಿವಾನಿನ ಮೇಲೆ ಕುಳಿತು ತಣ್ಣನೆಯ ಚಪಾತಿ ಅಗಿದೆ. ಅಗಿದಷ್ಟೂ ಸಿಟ್ಟು ಏರಿತು. ಎದ್ದು ಅಡುಗೆಮನೆಗೆ ಹೋದೆ. ಗ್ಯಾಸ್ ಹಚ್ಚಿದೆ. ವಾಪಸು ಬಂದು ದಿವಾನಿನ ಮೇಲೆ ಮಲಗಿ ಕಣ್ಣು ಮುಚ್ಚಿಕೊಂಡೆ.

ಕುಕ್ಕರ್ ಮೊದಲ ಸೀಟಿ ಹೊಡೆದಾಗಲೇ ಎದ್ದು ಆರಿಸಬಹುದಿತ್ತು. ಏಳಲಿಲ್ಲ. ಎರಡನೆಯದಕ್ಕೆ ಒಳಗೆ ಮಂಚ ಸದ್ದಾಯಿತು. ಸುಳ್ಳೇಕೆ ಹೇಳಲಿ, ಸಂತೋಷವಾಯಿತು. ಮೂರನೆಯದಕ್ಕೆ ಶ್ರೀಶೈಲ ಹೊರಗೆ ಬಂದ, ತಾನೇ ಹೋಗಿ ಗ್ಯಾಸ್ ಆರಿಸಿದ. ರೆಪ್ಪೆಯ ಸಂದಿನಿಂದ ನೋಡುತ್ತಿದ್ದೆ. ನಾನು ನಿದ್ದೆಯಲ್ಲಿದ್ದೇನೆ ಎಂದುಕೊಂಡು ಅವನು ತುದಿಗಾಲಿನಲ್ಲಿ ನನ್ನನ್ನು ದಾಟಿ ಒಳಗೆ ಹೋದ. ಕದವನ್ನೂ ಸದ್ದಾಗದಂತೆ ಹಾಕಿಕೊಂಡ.

ಮಹಾದೇವಿ ಬಂದಾಗ ಅವನು ಎದ್ದು ಕುಳಿತಿದ್ದ, ಕಣ್ಣು ಕೆಂಪಾಗಿತ್ತು. ಅವಳು ಬಿಸಿ ಕುಕ್ಕರ್ ಮುಟ್ಟಿ ಬೆರಳು ಸುಟ್ಟುಕೊಂಡಳು.

"ಅಯ್ಯ ನನ್ನ ಶಿವನೇ! ನಾ ಗ್ಯಾಸ್ ಹಚ್ಚಿ ಹೋಗಿದ್ನೇನು? ಇವರಂತೂ ಹೆಣದ್ಹಂಗ ಮಲಗ್ಯಾರ. ನಾನಽ ಸಿಮ್‌ನಾಗ ಇಟ್ಟು ಮರತು ಹೋಗೀನಿ!"

"ಇರಲಿ ಬಿಡಕ್ಕಾ," ಎಂದ ಶ್ರೀಶೈಲ.

ಆಗ ಹೇಳಬೇಕಿತ್ತು. ನಾನು ಆಕಳಿಸಿ ಎದ್ದವನಂತೆ ನಟಿಸಿದೆ.

ಅವನು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಹತ್ತು ನಿಮಿಷ ಕುಳಿತ. ಆಮೇಲೆ ತನ್ನ ಕಂಪನಿಗೆ ಫೋನು ಮಾಡಿ ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳಿದ: ನನಗೆ ಸಾಕಷ್ಟು ನಿದ್ದೆಯಾಗಿಲ್ಲ, ಇವತ್ತು ಹಾರಲಾರೆ. ಯಾಕೆ ಆಗಲಿಲ್ಲ, ಯಾರಿಂದ ಆಗಲಿಲ್ಲ, ಒಂದೂ ಹೇಳಲಿಲ್ಲ.

"ಇನ್ನೂ ಟೈಮ್ ಅದಲ್ಲೋ, ಒಂದ್ ತಾಸು ಮಲಗು," ಎಂದು ಮಹಾದೇವಿ ಅಳುವ ದನಿಯಲ್ಲಿ ಹೇಳಿದಳು.

"ಹೊಳ್ಳ್ಯಾಡಿ ಹೊಳ್ಳ್ಯಾಡಿ ಸಾಕಾತು. ಇನ್ನ ಬರಂಗಿಲ್ಲ," ಎಂದ. ನನ್ನ ಕಡೆ ತಿರುಗಿ, "ಹಿಂದ ಇನ್ನೂರು ಮುನ್ನೂರು ಮಂದಿ ಕುಂತಿರ್ತಾರ್ರಿ ಭಾವಾ. ನಾ ಮಲಗೀನೋ ಇಲ್ಲೋ ಅವರಿಗಿ ಗೊತ್ತಿರಂಗಿಲ್ಲ. ನಂಗ ಗೊತ್ತಿರ್ತದಲ," ಎಂದ.

ಆ ಪರೀಕ್ಷೆಯ ಸರದಿ ಇನ್ನೊಬ್ಬನಿಗೆ ಹೋಯಿತು. ಶ್ರೀಶೈಲನಿಗೆ ಮತ್ತೆ ಬಂದದ್ದು ಎಂಟು ತಿಂಗಳ ನಂತರ. ಕ್ಯಾಪ್ಟನ್ನೇನೋ ಆದ. ಅಕ್ಕನ ಮನೆಗೂ ಬಂದುಹೋಗುತ್ತಿದ್ದ, ಆದರೆ ಹಾರುವ ಮೊದಲು ಮಲಗಲು ಮಾತ್ರ ಬರಲಿಲ್ಲ, ಹೋಟೆಲು ಹಿಡಿಯುತ್ತಿದ್ದ. ಮಹಾದೇವಿ ಕಿಟಕಿಯ ಕಪ್ಪು ಕಾಗದಕ್ಕೆ ನೀರು ಹಚ್ಚಿ, ಉಗುರಿನಿಂದ ಕೆರೆದು ತೆಗೆದಳು. ನಾನು ನಿಂತು ನೋಡಿದೆ. ಕತ್ತಲು ಕವಿದಿದ್ದ ನನ್ನ ಕೋಣೆಗೆ ಬೆಳಕು ಬಂತು. ನನಗಲ್ಲಿ ನಿದ್ದೆ ಹತ್ತಲಿಲ್ಲ.

ಅಂದಿನಿಂದ ನನ್ನ ಹೊಟ್ಟೆಕಿಚ್ಚಿನ ಜಾತಿಯೇ ಬದಲಾಯಿತು. ನಿದ್ದೆಗಣ್ಣಿನಲ್ಲಿ ನಾನು ಸಹಿ ಹಾಕಿದ ತಪಾಸಣಾ ವರದಿಗಳೆಷ್ಟೋ. ಇವತ್ತು ನನ್ನ ಕೈಯಲ್ಲಾಗದು ಎಂದು ಒಮ್ಮೆಯೂ ಯಾರಿಗೂ ಹೇಳಿದವನಲ್ಲ. ಅವನು ಹತ್ತು ನಿಮಿಷ ಯೋಚಿಸಿ, ಇದ್ದದ್ದನ್ನು ಇದ್ದಂತೆ ಹೇಳಿ ಫೋನು ಕೆಳಗಿಟ್ಟ. ಆ ಫೋನು ಕೆಳಗಿಟ್ಟ ಕೈ ಇಂದಿಗೂ ನನ್ನ ಹೊಟ್ಟೆ ಉರಿಸುತ್ತದೆ.

ಇನ್ನು ಮಹಾದೇವಿ. ಅವತ್ತಿನಿಂದ ಅವಳು ಹೊರಗೆ ಹೊರಟರೆ ಮೆಟ್ಟಿಲು ಅರ್ಧ ಇಳಿದು ವಾಪಸು ಬಂದು ಗ್ಯಾಸ್ ನೋಡುತ್ತಾಳೆ. ನಿವೃತ್ತಿಯಾಗಿ ಸಂಭಾಜಿನಗರದಲ್ಲೇ ಮನೆ ಮಾಡಿದ ಮೇಲೂ ಹಾಗೆಯೇ. ಬಸ್ ಸ್ಟ್ಯಾಂಡಿನಿಂದ ವಾಪಸು ಬಂದದ್ದೂ ಉಂಟು. ವಯಸ್ಸಾಯಿತು ಎಂದು ಮಗಳು ನಗುತ್ತಾಳೆ, ನಾನೂ ಜೊತೆಗೆ ನಗುತ್ತೇನೆ.

ನಿನ್ನೆ ಅಂಟು ಇಳಿಸಿಕೊಂಡು ಬಂದು ಕಾಗದ ಹಚ್ಚುತ್ತ ಕುಳಿತವಳು, "ಗ್ಯಾಸ್ ಬಂದ್ ಮಾಡೀನೇನು, ಒಂದೀಟು ನೋಡಿ ಬರ್ರಿ," ಎಂದಳು. ನಾನು ನೋಡಿ ಬಂದೆ. ಬಂದ್ ಮಾಡಿದ್ದಳು. ಎಂದಿನಂತೆ ಬಂದ್ ಅದ ಎಂದಷ್ಟೇ ಹೇಳಿ ಕೂರುವವನಿದ್ದೆ. ಯಾಕೋ ಕೂರಲಾಗಲಿಲ್ಲ.

"ನಾಶಿಕ್‌ನಾಗ ಅವತ್ತು ಕುಕ್ಕರ್ ಹಚ್ಚಿದಾಂವ ನಾನು," ಎಂದೆ.

ಅವಳು ಕೈಯಲ್ಲಿದ್ದ ಕಾಗದದ ಮೂಲೆಯನ್ನು ಒತ್ತಿ ಅಂಟಿಸಿದಳು. ಬೆರಳು ಒರೆಸಿಕೊಂಡಳು.

"ಗೊತ್ತಿಲ್ದ ಹಚ್ಚಿದ್ರೋ, ಬೇಕಂತ ಹಚ್ಚಿದ್ರೋ?"

"ಬೇಕಂತ. ನಿದ್ದಿ ಬಂದಿದ್ದೂ ಸುಳ್ಳು."

ಮೊಮ್ಮಗಳು ಒಮ್ಮೆ ಅವಳ ಮುಖ, ಒಮ್ಮೆ ನನ್ನ ಮುಖ ನೋಡಿತು.

"ಅಂವಂದು ಒಂದ್ ದಿನದ ನಿದ್ದಿ ಹೋತು," ಎಂದಳು ಮಹಾದೇವಿ. "ನಂದು ಎಷ್ಟ್ ಹೋಗ್ಯಾದ, ಎಂದರ ಕೇಳೀರೇನು?"

ಕೇಳಿರಲಿಲ್ಲ. ಅವನ ನಿದ್ದೆ, ನನ್ನ ನಿದ್ದೆ ಎಂದು ತೂಗುತ್ತ ಇಷ್ಟು ವರ್ಷ ಕಳೆದಿದ್ದೆ. ಆ ಮನೆಯಲ್ಲಿ ಮೂರನೆಯವಳೊಬ್ಬಳಿದ್ದಳು ಎಂಬುದೇ ತಲೆಗೆ ಬಂದಿರಲಿಲ್ಲ.

ಅವಳು ಫೋನು ತಂದು ನನ್ನ ಕೈಯಲ್ಲಿಟ್ಟಳು. "ಶೈಲೂಗ ಹಚ್ಚರಿ. ನನ್ನ ಮುಂದಽ ಹೇಳ್ರಿ."

ಗಡಿಯಾರ ನೋಡಿದೆ. ಮಧ್ಯಾಹ್ನ ಎರಡೂವರೆ. "ಹಬ್ಬದ ರಜಾದಾಗ ಅದಾನ, ಉಂಡು ಮಲಗಿರ್ತಾನೇನೋ," ಎಂದೆ.

"ಮಲಗಿದ್ರ ಎಬ್ಬಸ್ರಿ," ಎಂದಳು ಮಹಾದೇವಿ. "ನಿಮಗೇನ್ ಹೊಸಾದಲ್ಲಲ."