ಅವ್ವ ಹೊಳ್ಳಿ ಕೊಟ್ಟ ಪಗಾರ

ಖಾನಾಪುರದ ಆ ಮನೆಯನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಮಂಜು. ಮಲಪ್ರಭೆಯ ಕಡೆಯಿಂದ ಎದ್ದು, ಹಂಚಿನ ಕಾರ್ಖಾನೆಯ ಹೊಗೆಯೊಡನೆ ಬೆರೆತು, ನಮ್ಮ ಹೊಸ್ತಿಲವರೆಗೂ ಬಂದು ನಿಲ್ಲುತ್ತಿತ್ತು. ತಿಂಗಳಿಗೊಮ್ಮೆ ಅದರೊಳಗಿಂದ ಪೋಸ್ಟಿನವರು ಬರುತ್ತಿದ್ದರು. ಮೊದಲು ಸೈಕಲ್ಲಿನ ಗಂಟೆ, ಆಮೇಲೆ ಖಾಕಿ ಟೊಪ್ಪಿಗೆ, ಕೊನೆಗೆ ಮನುಷ್ಯ. ಖರೇ ಹೇಳಬೇಕೆಂದರೆ ಅವರು ಬರುವ ಹೊತ್ತಿಗೆ ಬಿಸಿಲೇರಿರುತ್ತಿತ್ತು. ನನ್ನ ನೆನಪು ಮಾತ್ರ ಒಪ್ಪುವುದಿಲ್ಲ.

ಅಪ್ಪ ಆ ಕಾರ್ಖಾನೆಯಲ್ಲಿ ಹಂಚು ಹೊರುತ್ತಿದ್ದ. ನಾನು ಹೈಸ್ಕೂಲಿನಲ್ಲಿದ್ದಾಗ ಜ್ವರದಲ್ಲಿ ತೀರಿಕೊಂಡ. ಮುಂದೆ ಅವ್ವನಿಗೆ ಸರ್ಕಾರದ ವಿಧವಾ ವೇತನ ಮಂಜೂರಾಯಿತು; ಪೋಸ್ಟಿನವರು ತಿಂಗಳಿಗೊಮ್ಮೆ ತರುತ್ತಿದ್ದುದು ಅದನ್ನೇ. ಆ ಹೆಸರನ್ನು ಅವಳು ಬಾಯಲ್ಲಿ ಹೇಳುತ್ತಿರಲಿಲ್ಲ, ದುಡಿದು ತಂದ ಸಂಬಳವೆಂಬಂತೆ 'ಪಗಾರ' ಎನ್ನುತ್ತಿದ್ದಳು. ಅದರಲ್ಲೇ ಅಕ್ಕಿ, ಚಿಮಣಿ ಎಣ್ಣೆ, ಬೆಳಗಾವಿಯ ಕಾಲೇಜಿಗೆ ಹೋಗಲು ನನ್ನ ರೈಲಿನ ಪಾಸು. ಅವ್ವ ದಿನವೆಲ್ಲ ಕಂಡವರ ಗದ್ದೆಯಲ್ಲಿ ಸೊಂಟ ಬಗ್ಗಿಸಿ ಬಂದ ಸಂಜೆಯೇ ಎದುರುಮನೆಯಾಕೆ, "ನಿಂದೇನವಾ, ಕುಂತು ಉಣ್ಣೂದು" ಎಂದಿದ್ದಳು. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಓದು ಮುಗಿದೊಡನೆ ಬೆಳಗಾವಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತು. ಹೆರಿಗೆ ರಜೆಗೆ ಹೋದ ಟೀಚರ ಜಾಗ. ಅವರು ಬಂದರೆ ನಾನು ಮನೆಗೆ. ಅವ್ವನಿಗೆ ಇದನ್ನು ತಿಳಿಸಿ ಹೇಳಿದ್ದೆ. ಆದರೂ ಮೊದಲ ಸಂಬಳ ಬಂದ ಮರುದಿನವೇ ಅವಳು ಶೇಂಗಾ ಹುರಿದು, ಬೆಲ್ಲ ಕುಟ್ಟಿ ಉಂಡಿ ಕಟ್ಟತೊಡಗಿದಳು.

"ಯಾರಿಗವ್ವಾ?"

"ಮಾಮಲೇದಾರ ಕಚೇರಿಗೆ. ಪಗಾರ ಸಾಕಂತ ಹೇಳಿ ಬರ್ತೇನಿ. ಮಗಳು ದುಡ್ಯಾಕ ಹತ್ಯಾಳ, ಇನ್ನ ನಾ ಯಾಕ ತಗೋಬೇಕು?"

"ನಂದು ಕಾಯಂ ನೌಕರಿ ಅಲ್ಲವ್ವಾ. ಒಂದು ವರ್ಷ ತಡಿ."

"ಅಲ್ಲಿತನಕ ಈ ರೊಕ್ಕ ಸಿಗಬೇಕಾದ ಇನ್ನೊಬ್ಬಾಕಿ ಹಸಕೊಂಡು ಕುಂದರಬೇಕೇನು?"

"ಆತು. ಉಂಡಿ ಯಾಕ ಮತ್ತ?"

"ಮಂದಿ ಡಬ್ಬಿ ಖಾಲಿ ಹೊಳ್ಳಿ ಕೊಡ್ತಾರೇನು?"

ನಮ್ಮ ಕಡೆ ಅದೊಂದು ರೂಢಿ. ನೆರೆಮನೆಯ ಪಾತ್ರೆ ತಿರುಗಿ ಕೊಡುವಾಗ ಒಂದು ಚಿಮಟಿ ಸಕ್ಕರೆಯನ್ನಾದರೂ ಹಾಕಿರಬೇಕು. ಆದರೆ ಸರ್ಕಾರವನ್ನು ನೆರೆಮನೆಯೆಂದು ತಿಳಿದವಳು ನಮ್ಮವ್ವ ಒಬ್ಬಳೇ ಇರಬೇಕು. ಗೊಣಗುತ್ತಲೇ ನಾನೂ ಜೊತೆಗೆ ಹೋದೆ.

ತಹಶೀಲ್ದಾರ ಕಚೇರಿಯ ಗುಮಾಸ್ತರು ಸ್ಟೀಲಿನ ಡಬ್ಬಿ ಕಂಡು ಹುಬ್ಬು ಗಂಟಿಕ್ಕಿದರು. "ಇವೆಲ್ಲಾ ಇಲ್ಲಿ ನಡ್ಯಾಂಗಿಲ್ಲರಿ ಅಕ್ಕಾರ." ಲಂಚವೆಂದುಕೊಂಡಿದ್ದರು. ಅವ್ವ ಬಂದ ಕಾರಣ ಹೇಳಿದಾಗ ಬಾಜೂ ಮೇಜಿನವರೊಡನೆ ಮರಾಠಿಯಲ್ಲಿ ಏನೋ ಮಾತಾಡಿ, ಅವಳನ್ನೇ ನೋಡಿದರು. "ಚಾಲೂ ಮಾಡ್ರಿ ಅಂತ ದಿನಾ ಬರ್ತಾರ. ಬಂದ್ ಮಾಡ್ರಿ ಅಂತ ಬಂದವರು ನೀವ ಮೊದಲು." ಹೆಬ್ಬೆಟ್ಟು ಒತ್ತಿಸಿಕೊಂಡರು. ಅವ್ವ ಡಬ್ಬಿಯನ್ನು ಮೇಜಿನ ಮೇಲೇ ಬಿಟ್ಟು ಬಂದಳು.

ಆ ಮಳೆಗಾಲ ಕನಸಿನಲ್ಲೇ ಕಳೆಯಿತು. ಬೆಳಗಿನ ರೈಲಿನ ಕಿಟಕಿಯಾಚೆ ದೇಸೂರಿನ ಗದ್ದೆಗಳಲ್ಲಿ ನೀರು ನಿಂತು, ಮೋಡಗಳು ನೆಲದ ಮೇಲೆ ತೇಲುತ್ತಿದ್ದವು. ಗಾಡಿ ಅವುಗಳ ಮೇಲೆಯೇ ಹೋಗುತ್ತಿದೆ ಎನಿಸುತ್ತಿತ್ತು. ಮನಸ್ಸಿನಲ್ಲಿ ನಾನು ಆಗಲೇ ಕಾಯಂ ಟೀಚರು. ಆ ಕನಸಿನಲ್ಲಿ ಅವ್ವ ಯಾರ ಗದ್ದೆಗೂ ಹೋಗದೆ ಕಟ್ಟೆಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದಳು. ಬೆಳಗಾವಿ ಬಂದದ್ದೇ ತಿಳಿಯುತ್ತಿರಲಿಲ್ಲ. ದಸರಾ ರಜೆ ಮುಗಿದ ಮೇಲೆ ಆ ಟೀಚರು ಬಂದರು, ನನ್ನ ಕೆಲಸ ಹೋಯಿತು.

ದೀಪಾವಳಿಯ ಹೊತ್ತಿಗೆ ಅಕ್ಕಿಯ ಗಡಿಗೆ ತಳ ಕಂಡಿತು. ಅವ್ವನಿಗೆ ಸೊಂಟ ಹಿಡಿದಿತ್ತು. ನಾನು ಓಣಿಯ ಹುಡುಗಿಯರಿಗೆ ಹೇಳುತ್ತಿದ್ದ ಪಾಠದಿಂದ ಇಬ್ಬರ ಹೊಟ್ಟೆ ತುಂಬುವಂತಿರಲಿಲ್ಲ. ಮತ್ತೆ ಹೋಗಿ ಕೇಳೋಣವೆಂದರೆ ಅವಳು ಏಳಲೊಲ್ಲಳು. "ಸಾಕು ಅಂದ ಬಾಯಿಲೆ ಬೇಕು ಅಂತ ಹೆಂಗ ಅನ್ನಲಿ?" ಕೈಹಿಡಿದು ಎಬ್ಬಿಸಿಕೊಂಡು ಹೋದೆ.

ಗುಮಾಸ್ತರು ಗುರುತು ಹಿಡಿದರು. "ಬರ್ರಿ ಅಕ್ಕಾರ, ಕುಂದರ್ರಿ." ಅವ್ವ ಕೂರಲಿಲ್ಲ. ಸಂಗತಿಯನ್ನು ನಾನೇ ಹೇಳಿದೆ. ಅವರು ಹೊಸ ಅರ್ಜಿ ಬರೆದು, ಹೆಬ್ಬೆಟ್ಟಿಗೆ ಮಸಿ ಮುಂದಿಟ್ಟರು. ಅವ್ವ ಕೈಯನ್ನು ಸೆರಗಿನೊಳಗಿಂದ ತೆಗೆಯಲೇ ಇಲ್ಲ. ಗುಮಾಸ್ತರು ಎದ್ದು, ಚಹಾದ ಸಾಮಾನಿಡುವ ಕಪಾಟಿನ ಹಿಂದೆ ಸ್ವಲ್ಪ ಹೊತ್ತು ನಿಂತು, ನಮ್ಮ ಡಬ್ಬಿ ತಂದು ಅವಳ ಕೈಗಿತ್ತರು. "ಉಂಡಿ ಚೊಲೋ ಇದ್ದುವು. ಡಬ್ಬಿ ಇಲ್ಲೇ ಉಳದಿತ್ತು ನೋಡ್ರಿ."

ಅವ್ವ ಅದನ್ನು ಹಿಡಿದುಕೊಂಡು ಸರಸರನೆ ಹೊರಗೆ ನಡೆದುಬಿಟ್ಟಳು. ನಾನು ಹಿಂದೆಯೇ ಓಡಿದೆ. ಮೆಟ್ಟಿಲ ಮೇಲೆ ನಿಂತು, ಡಬ್ಬಿಯ ತೂಕ ನೋಡಿ, ಮುಚ್ಚಳ ತೆಗೆದಳು. ಒಳಗೆ ಸಕ್ಕರೆ ಇತ್ತು. ಸುಮಾರು ಹೊತ್ತು ಅದನ್ನೇ ನೋಡಿದಳು. ಮುಚ್ಚಳ ಹಾಕಿ, ಮತ್ತೆ ಒಳಗೆ ಹೋಗಿ, ಕುರ್ಚಿಯ ಮೇಲೆ ಕೂತಳು.

"ಮಗಳಿಗೆ ನೌಕರಿ ಸಿಗೂತನಕ ಅಷ್ಟರೀ. ಆಮ್ಯಾಲೆ ಮತ್ತ ಉಂಡಿ ತರ್ತೇನಿ" ಎಂದು ಹೆಬ್ಬೆರಳು ಚಾಚಿದಳು.